ಏಣಿ ಇಳಿಸಿದವನ ಹೆಸರು

೯ ಆಗಸ್ಟ್ ೧೯೦೯

ಮುಂಜಾನೆ ಮೂರನೆಯ ಇಯತ್ತೆಗೆ ಹದಿಮೂರರ ಮಗ್ಗಿ. ಮಧ್ಯಾಹ್ನ ಬೈಲಹೊಂಗಲದ ಸಂತೆ — ಉಪ್ಪು, ಸೀಮೆಸುಣ್ಣ, ಮಗಳು ಸತ್ಯವ್ವನಿಗೆ ಬಳೆ. ಬಳೆ ತರಲಿಲ್ಲ. ಸಿಟ್ಟಿನಲ್ಲಿ ಸಂತೆ ಅರ್ಧಕ್ಕೆ ಬಿಟ್ಟು ಬಂದೆ.

ಸಂತೆಯ ಬೇವಿನ ಗಿಡದ ಕೆಳಗೆ ಮೀರಾಸಾಬ ದಪ್ಪು ಹಿಡಿದು ಲಾವಣಿ ಹಾಡುತ್ತಿದ್ದ. ಮತ್ತೆ ಅದೇ ಹುಡೇದ ಪದ. ಎರಡು ತಾಸಿನ ಕಥೆ. ನಮ್ಮೂರ ಹುಡೇದಲ್ಲಿ, ಆ ಕಾವಲು ಬುರುಜಿನಲ್ಲಿ, ಬಂಡಾಯದ ಶಟ್ಟೆಪ್ಪ ಅಡಗಿದ್ದು. ಕುಂಪಣಿ ಸಿಪಾಯಿಗಳು ಎಂಟು ದಿನ ಸುತ್ತುವರಿದದ್ದು. ಒಳಗಿನವನೊಬ್ಬ ಏಣಿ ಇಳಿಸಿ ಅವನನ್ನು ಹಿಡಿದುಕೊಟ್ಟದ್ದು. ಎಪ್ಪತ್ತು ವರ್ಷದ ಹಿಂದಿನ ಮಾತು! ಮೀರಾಸಾಬ ದಪ್ಪು ನಿಲ್ಲಿಸಿ ಕೇಳುತ್ತಾನೆ: “ಏಣಿ ಇಳಿಸಿದಾವ ಯಾರ?” ಕೂತ ಜನವೆಲ್ಲ ಒಟ್ಟಿಗೆ ಕೂಗುತ್ತದೆ: “ಯಮನಪ್ಪ!”

ಆ ಯಮನಪ್ಪ ನಮ್ಮಜ್ಜ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ, ಹಾಗಾಗಿ ನಾನೂ ಯಮನಪ್ಪ. ಕೂಗಿದವರಲ್ಲಿ ನಾಲ್ವರು ನನ್ನ ಕೈಯಲ್ಲೇ ಅಕ್ಷರ ತಿದ್ದಿದವರು. ಒಬ್ಬ ನನ್ನ ಮುಖ ನೋಡಿ ನಕ್ಕ. ಥೂ.

೧೪ ಆಗಸ್ಟ್

ಸುರೇಬಾನದಿಂದ ಹೇಳಿಕೆ ಬಂತು. ಗಂಡಿನ ತಂದೆ ಮಲಕಾಜಪ್ಪ ಕೇಳಿದನಂತೆ — “ಏಣಿ ಇಳಿಸಿದವರ ಮನಿ ಅಂತಾರಲ್ಲ, ಅದೇ ಏನು ಇದು? ಸ್ವಲ್ಪ ತಡೀರಿ, ವಿಚಾರ ಮಾಡತೇವಿ.” ಸತ್ಯವ್ವನಿಗೆ ಇದು ಮೂರನೆಯ ಸಂಬಂಧ. ಎರಡು ಹೀಗೇ ‘ತಡೆದು’ ತಪ್ಪಿದವು. ಹುಡುಗಿಯಲ್ಲಿ ಏನು ಕೊರತೆ? ನಾಲ್ಕನೆಯ ಇಯತ್ತೆ ಓದಿದ್ದಾಳೆ, ಕೈ ಹಚ್ಚಿದ ಕೆಲಸ ಬಿಟ್ಟವಳಲ್ಲ. ಯಾವನೋ ಸತ್ತವನ ಪದಕ್ಕೆ ಅವಳೇಕೆ ಮನೆಯಲ್ಲಿ ಕೂರಬೇಕು?

ನಮ್ಮ ಮನೆಯಲ್ಲಿ ಏಣಿಯೇ ಇಲ್ಲ. ಮಾಳಿಗೆ ಹತ್ತಲು ಗೋಡೆ ಕೊರೆದು ಮೆಟ್ಟಿಲು ಮಾಡಿಸಿದವನು ಅಜ್ಜನೇ. ಜನರ ಬಾಯಿಗೆ ಹೆದರಿ ಇಷ್ಟು ಮಾಡಿಕೊಂಡರೂ ಬಿಡಲೊಲ್ಲರು.

ಅತ್ತೆ ರಾಯವ್ವನ ಮುಂದೆ ಕೂಗಾಡಿದೆ. ಅಜ್ಜನ ಮಗಳು, ವಿಧವೆಯಾದಾಗಿನಿಂದ ನಮ್ಮಲ್ಲೇ ಇದ್ದಾಳೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ. “ಹಾಡಿದರ ಹಾಡವಲ್ರ್ಯಾಕ” ಅಂದಳು. ಅವಳಪ್ಪನ ಮಾನ ಸಂತೆಯಲ್ಲಿ ಹೋಗುತ್ತಿದೆ, ಇವಳಿಗೆ ಜೋಳದ ಹರಳು!

೨೨ ಆಗಸ್ಟ್

ಮೀರಾಸಾಬನ ಮನೆಗೇ ಹೋದೆ. ಅವನ ಹೆಂಡತಿ ಬೇಗಂಬಿ ಚಾಪೆ ಹಾಸಿ ನೀರು ಕೊಟ್ಟಳು. ಕುಡಿಯಲಿಲ್ಲ.

“ಹೆಸರು ತಗಿ” ಅಂದೆ.

“ಪದ ನಂದಲ್ಲರಿ ಮಾಸ್ತರ. ನಮ್ಮ ಉಸ್ತಾದರು ಕೊಟ್ಟದ್ದು.”

“ಸರಕಾರದ ವಿರುದ್ಧ ಬಂಡಾಯದ ಪದ ಹಾಡತಾನ ಅಂತ ಮಾಮಲೇದಾರರಿಗೆ ಅರ್ಜಿ ಬರೀತೇನಿ. ದಪ್ಪು ಕಚೇರಿಗೆ ಹೋಗತೈತಿ, ಅದರ ಹಿಂದ ನೀನೂ.”

ದಪ್ಪು ಹತ್ತಿರಕ್ಕೆ ಎಳೆದುಕೊಂಡ. ಈಗಿನ ದಿನಗಳಲ್ಲಿ ಅಂಥ ಅರ್ಜಿಗೆ ಏನಾಗುತ್ತದೆಂದು ಅವನಿಗೂ ಗೊತ್ತು. ಆಮೇಲೆ ಅಂದ: “ಬರೇ ಹೆಸರು ತಗದ್ರ ಏಣಿ ತಾನ ಇಳೀತೈತೇನ್ರಿ? ಯಾರರೆ ಇಳಿಸಬೇಕಲ್ಲ. ನೀವ ಒಂದ ಹೆಸರು ಕೊಡ್ರಿ. ತೂಕ ಸರಿ ಇರಲಿ, ದಪ್ಪಿಗೆ ಕೂಡಬೇಕು.”

ನಾನು ಮಾಸ್ತರ, ತೂಕ ನನಗೆ ಹೇಳಿಕೊಡುತ್ತಾನೆ! ಬೆರಳಿನ ಮೇಲೆ ಮಾತ್ರೆ ಎಣಿಸಿದೆ. ಯಮನಪ್ಪ — ಐದು. ಮಲಕಾಜಪ್ಪ — ಹೆಚ್ಚಾಯಿತು (ಆದರೂ ಇಡಬೇಕೆನಿಸಿತು). ಹನುಮಪ್ಪ — ಐದು. ಎಲ್ಲಿಂದ ನಾಲಗೆಗೆ ಬಂತೋ. ನಮ್ಮೂರಲ್ಲಿ ಆ ಹೆಸರಿನ ಮನೆತನವೇ ಇಲ್ಲ, ಯಾರಿಗೂ ನೋವಿಲ್ಲ.

“ಹನುಮಪ್ಪ” ಅಂದೆ.

“ಹಾಡತೇನ್ರಿ” ಅಂದ. ಬಾಗಿಲವರೆಗೆ ಕಳಿಸಲು ಬರಲಿಲ್ಲ.

೧೯ ಸೆಪ್ಟೆಂಬರ್

ಗೆದ್ದೆ. ಮೀರಾಸಾಬ ಮಾತಿಗೆ ತಪ್ಪಲಿಲ್ಲ. ಸುರೇಬಾನದಲ್ಲಿ ಹಾಡಿದನಂತೆ, ದೊಡವಾಡದಲ್ಲೂ. ಇವತ್ತು ಬೈಲಹೊಂಗಲದಲ್ಲಿ ನಾನೇ ಕೇಳಿದೆ. ಹಳಬರು ಒಂದಿಬ್ಬರು ‘ಯಮನಪ್ಪ’ ಎಂದು ಬಾಯಿ ತೆರೆದರು, ಮೀರಾಸಾಬನೇ ‘ಹನುಮಪ್ಪ’ ಎಂದದ್ದು ಕೇಳಿ ಮುಚ್ಚಿದರು. ಎರಡನೆಯ ಸಲ ಎಲ್ಲರೂ “ಹನುಮಪ್ಪ!” ಎಂದರು. ನಾನೂ ಕೂಗಿದೆ. ಎಲ್ಲರಿಗಿಂತ ಜೋರಾಗಿ.

ಮಲಕಾಜಪ್ಪನೇ ಮನೆಗೆ ಬಂದು ಸಕ್ಕರೆ ಹಂಚಿದ. “ನಮಗ ಯಾರೋ ತಪ್ಪ ಹೇಳಿದ್ರು ಬೀಗರ, ಮನಸಿನ್ಯಾಗ ಇಟಗೋಬ್ಯಾಡ್ರಿ” ಅಂದ. ದೀಪಾವಳಿ ಮುಗಿದ ಮೇಲೆ ಮದುವೆ. ಸತ್ಯವ್ವ ಒಳಗೆ ಹಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಾಳೆ. ನಾಳೆ ಬಳೆ ತರಬೇಕು.

೧೪ ಅಕ್ಟೋಬರ್, ಅಮಾವಾಸ್ಯೆ

ಇದನ್ನೂ ಬರೆಯುತ್ತೇನೆ.

ಹಿರಿಯರಿಗೆ ಎಡೆ ಹಿಡಿಯುವ ದಿನ. ಪ್ರತಿ ವರ್ಷ ಏಳು ಎಲೆ ಒಳಗೆ. ಎಂಟನೆಯದನ್ನು ರಾಯವ್ವ ತಾನೇ ಮಾಳಿಗೆಗೆ ಒಯ್ದು, ಏನೋ ಹೆಸರು ಕರೆದು ಇಟ್ಟು ಬರುತ್ತಾಳೆ. ಚಿಕ್ಕಂದಿನಿಂದ ನೋಡಿದ್ದೇನೆ. ಯಾರಿಗೆ ಎಂದು ಕೇಳಿದವನಲ್ಲ. ಇವತ್ತು ಎಲೆ ಹಿಡಿದು ಮೆಟ್ಟಿಲ ಬುಡದಲ್ಲೇ ನಿಂತಳು. ಹೊರಗೆ ಓಣಿಯ ಹುಡುಗಿಯರು ಆಡುತ್ತ ಕೂಗುತ್ತಿದ್ದರು — “ಏಣಿ ಇಳಿಸಿದಾವ ಯಾರ? ಹನುಮಪ್ಪ!”

“ಪದದಾಗ ಈ ಹೆಸರ ಹಾಕಿದವರ ಯಾರು?”

ನಾನೇ ಎಂದೆ. ಎದೆ ಉಬ್ಬಿಸಿಯೇ ಹೇಳಿದೆ.

“ನಿನ್ನ ಬಾಯಾಗ ಹುಳ ಬೀಳಲಿ!” ಎಲೆ ಕೆಳಗಿಟ್ಟಳು. ಎಂದೂ ದನಿ ಎತ್ತಿದವಳಲ್ಲ. “ಇದು ಯಾರ ಎಡಿ ಅಂತ ತಿಳದೀ? ಸಿಪಾಯಿಗೋಳು ನಮ್ಮವ್ವನ್ನ ಹುಡೇದ ಬುಡಕ ಎಳಕೊಂಡು ಬಂದು ನಿಲ್ಲಿಸಿದ್ರು. ಬಗಲಾಗ ಕೂಸು, ನಾನ. ಏಣಿ ಇಳಿಸು, ಇಲ್ಲಾಂದ್ರ ಇಬ್ಬರಿಗೂ ಗುಂಡ ಹಾಕತೇವಿ ಅಂದ್ರು. ನಮ್ಮಪ್ಪ ಇಳಿಸಿದ. ಅವನ ಜೋಡಿ ಒಳಗಿದ್ದ ಹನುಮಪ್ಪ ಅದನ್ನ ಮ್ಯಾಲ ಜಗ್ಗಾಕ ಹೋದ, ಅವಗ ಗುಂಡ ಬಿತ್ತು. ಮದುವಿ ಇಲ್ಲ, ಮಕ್ಕಳಿಲ್ಲ, ಎಡಿ ಹಿಡಿಯಾವರಿಲ್ಲ. ನಮ್ಮಪ್ಪ ಸಾಯೂಮಟಾ ಹೇಳತಿದ್ದ — ನನ್ನ ಹೆಸರ ಪದದಾಗ ಇರಲಿ, ಅವನ ಎಡಿ ನಮ್ಮ ಮನಿಯಾಗ ಇರಲಿ ಅಂತ. ಈಗ ಅವನ್ನ ಯಾವ ಬಾಯಿಲೆ ಕರೀಲೋ ನಾ?”

“ಮೊದಲ ಯಾಕ ಹೇಳಲಿಲ್ಲ?”

“ನೀ ಕೇಳಿದೇನು? ಸಿಟ್ಟ ಮಾಡಿದಿ. ಕೇಳಲಿಲ್ಲ.”

ಎಂಟನೆಯ ಎಲೆ ಹಾಗೇ ಬಿದ್ದಿದೆ. ಇರುವೆ ಮುತ್ತಿವೆ.

೧೫ ಅಕ್ಟೋಬರ್

ಇಡೀ ಇಯತ್ತೆಗೆ ಬಡಿದೆ. ತಪ್ಪು ಯಾರದೂ ಇರಲಿಲ್ಲ. ನನ್ನದೇ ಕೈಯನ್ನು ಮೇಜಿಗೆ ಬಡಿದುಕೊಳ್ಳಬೇಕಿತ್ತು. ನಾಲಗೆಗೆ ಎಲ್ಲಿಂದ ಬಂತೋ ಎಂದು ಬರೆದಿದ್ದೆನಲ್ಲ, ಮೇಲೆ ಇದೆ — ಎಲ್ಲಿಂದ ಬಂತೆಂದು ಈಗ ಗೊತ್ತಾಯಿತು, ವರ್ಷವರ್ಷ ರಾಯವ್ವ ಕರೆಯುತ್ತಿದ್ದ ಆ ಮಾಳಿಗೆಯಿಂದ. ಮಾತ್ರೆ ಎಣಿಸಿದೆನಂತೆ, ಮಾತ್ರೆ! ದಡ್ಡ.

ಸುಮ್ಮನಿದ್ದರೆ ಮದುವೆ ಆಗುತ್ತದೆ. ಯಾರೂ ಕೇಳುವುದಿಲ್ಲ. ಅವನಿಗೆ ಕೇಳುವವರೇ ಇಲ್ಲ…

೨೦ ಅಕ್ಟೋಬರ್

ಮೀರಾಸಾಬನ ಮನೆ. ಬೇಗಂಬಿ ಈ ಸಲ ನೀರು ಕೊಡಲಿಲ್ಲ.

ಎಲ್ಲ ಹೇಳಿದೆ. ಹಳೆಯ ಹೆಸರೇ ಹಾಕು ಎಂದು ಕೈ ಮುಗಿದೆ. ದಪ್ಪಿನ ಚರ್ಮ ಒರೆಸುತ್ತಲೇ ಕೇಳಿದ. ಆಮೇಲೆ ಅವನಿಗೂ ಸಿಟ್ಟು ಬಂತು.

“ಅರ್ಜಿ ಅಂದ್ರಿ, ತಗದೆ. ಉಸ್ತಾದರ ಪದ ಕೆಡಿಸಿದೆ, ಅನ್ನ ಸೇರವಲ್ದು ನನಗ. ಈಗ ಹಾಕು ಅಂತೀರಿ. ಐದು ಊರಾಗ ಕಲತ ಬಿಟ್ಟಾರ. ನಾ ಒಬ್ಬಾವ ಯಮನಪ್ಪ ಅಂದ್ರ, ಮುದುಕಗ ಅರವು ಹೋತು ಅಂತಾರ. ಕೆಡಿಸಿದವರು ನೀವು, ನೀವ ಬಂದು ಹಾಡ್ರಿ. ಸುರೇಬಾನದಾಗ. ಬರೂ ಐತವಾರ.”

ಬೇರೆ ಊರು ಸಿಗಲಿಲ್ಲವೇ ಇವನಿಗೆ! ಬೈದೆ. ಅವನು ದಪ್ಪು ಒರೆಸುತ್ತಲೇ ಇದ್ದ.

ಮನೆಗೆ ಬಂದು ಸತ್ಯವ್ವನಿಗೆ ಹೇಳಿದೆ. ಕೇಳಿ ಎದ್ದು ಹಿತ್ತಲಿಗೆ ಹೋದಳು. ಹೊಸ ಬಳೆಗಳು ಅಲ್ಲೇ ಒಲೆಯ ಕಟ್ಟೆಯ ಮೇಲಿದ್ದವು.

೨೪ ಅಕ್ಟೋಬರ್, ಸುರೇಬಾನ, ಮಧ್ಯಾಹ್ನ ಮೂರು

ನಾಲ್ಕು ದಿನ ಮಾತಾಡದ ಸತ್ಯವ್ವ ಇವತ್ತು ನಸುಕಿನಲ್ಲಿ ಬುತ್ತಿ ಕಟ್ಟಿ ಕೊಟ್ಟಳು. ಕಣ್ಣು ಊದಿದ್ದವು. ಬಾಗಿಲಲ್ಲಿ ಒಂದೇ ಮಾತು — “ಸಣ್ಣ ದನಿಲೆ ಹಾಡಬ್ಯಾಡಪ್ಪಾ. ಹಿಂದ ಕುಂತವರಿಗೂ ಕೇಳಬೇಕು.”

ಅವಳ ಮೇಲೂ ಸಿಟ್ಟು ಬಂತು. ಅತ್ತಿದ್ದರೆ ತಿರುಗಿ ಬರುತ್ತಿದ್ದೆ.

ಕಟ್ಟೆಯ ಸುತ್ತ ಜನ ತುಂಬಿದೆ. ಮಲಕಾಜಪ್ಪ ನನ್ನನ್ನು ಕಂಡು, “ಬರ್ರಿ ಬೀಗರ, ಕುಂಡರ್ರಿ” ಎಂದು ಜನರನ್ನು ಸರಿಸಿ ತನ್ನ ಪಕ್ಕದಲ್ಲೇ ಜಾಗ ಮಾಡಿಸಿದ. ಮೊದಲ ಸಾಲು, ತೊಡೆಯ ಮೇಲೆ ವಹಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಅವನ ಮಗನೂ ಇದ್ದಾನೆ, ಕಾಲು ಮುಟ್ಟಿ ನಮಸ್ಕರಿಸಿದ. ಒಳ್ಳೆಯ ಹುಡುಗ, ಹಾಳಾಗಿ ಹೋಗಲಿ, ಒಳ್ಳೆಯ ಹುಡುಗ.

ಎಂಟು ದಿನದ ಮುತ್ತಿಗೆ ಮುಗಿಯಿತು. ಸಿಪಾಯಿಗಳು ಹುಡೇದ ಬುಡಕ್ಕೆ ಬಂದರು. ಪದದಲ್ಲಿ ಆ ಹೆಂಗಸೂ ಇಲ್ಲ, ಕೂಸೂ ಇಲ್ಲ. ಅವನ್ನು ಸೇರಿಸಬಹುದಿತ್ತು… ಬೇಡ. ಹೆಸರಷ್ಟೇ.

ಮೀರಾಸಾಬ ದಪ್ಪು ನಿಲ್ಲಿಸಿದ. ನನ್ನ ಕಡೆ ನೋಡುತ್ತಿದ್ದಾನೆ. “ಏಣಿ ಇಳಿಸಿದಾವ ಯಾರ?” ಜನ ಬಾಯಿ ತೆರೆಯುವುದರೊಳಗೆ ನಾನು ಎದ್ದು, ಹಿಂದೆ ಕೂತವರಿಗೂ ಕೇಳುವಂತೆ, ನನ್ನದೇ ಹೆಸರು —