ನಾಲ್ಕನೇ ಮಹಡಿಯ ಮೀಟಿಂಗು

ಇವಳೇ,

ಓದಲು ನೀನಿಲ್ಲ, ಗೊತ್ತು. ಆದರೂ ನಿನಗೆ ಹೇಳದಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಆರು ವರ್ಷ ಕೆಟ್ಟು ನಿಂತಿದ್ದ ನಮ್ಮ ಬಿಲ್ಡಿಂಗಿನ ಲಿಫ್ಟು ಇವತ್ತು ಬೆಳಿಗ್ಗೆ ಓಡಿತು.

ಕಾಲೇಜಿನಲ್ಲಿ ನಾಯಕನಿಗಿರಬೇಕಾದ ಛಲದ ಬಗ್ಗೆ 'ಪರ್ಸಿವಿಯರೆನ್ಸ್ ಇನ್ ಎ ಲೀಡರ್' ಎಂದು ಎಸ್ಸೇ ಬರೆದಿದ್ದೆ. ಈಗ ತಲೆಬರಹವೊಂದೇ ನೆನಪು. ಇರಲಿ, ಎಲ್ಲಿದ್ದೆ? ಹಾಂ, ರಿಪೇರಿಗೆ ಎಲ್ಲ ಮನೆಯವರ ಸಹಿ ಬೇಕಿತ್ತು. ಸಂಘದ ಅಧ್ಯಕ್ಷನಾದ ನಾನೋ, ಸಭೆಯನ್ನು ಯಾವಾಗಲೂ ಕೆಳಗಿನ ಹಾಲಿನಲ್ಲೇ ಕರೆಯುತ್ತಿದ್ದೆ. ಕೆಳಗೆ ಕೂತವರಿಗೆ ಲಿಫ್ಟಿನ ಚಿಂತೆ ಯಾಕೆ? ನೀನು ತೀರಿಕೊಂಡ ಮೇಲೆ, ಕಳೆದ ವರ್ಷದಿಂದ, ಪ್ರತಿ ಭಾನುವಾರ ಸಭೆಯನ್ನು ನಾಲ್ಕನೇ ಮಹಡಿಗೆ, ನಮ್ಮ ಮನೆಗೇ ತಂದೆ. ಮೊದಲ ವಾರ ಇಬ್ಬರು ಬಂದರು, ಆಮೇಲೆ ಯಾರೂ ಇಲ್ಲ. ಖಾಲಿ ಕುರ್ಚಿಗಳಿಗೇ ವರದಿ ಓದಿದೆ. ಮೂವತ್ತೊಂದನೇ ವಾರ, ಸಹಿಗೆ ಒಪ್ಪದೇ ಇದ್ದ ಕೆಳಮನೆಯ ದರ್ಜಿ, ನೀರಿನ ತಕರಾರು ಹೇಳಲು ಬೇರೆ ದಾರಿಯಿಲ್ಲದೆ, ಏದುಸಿರು ಬಿಡುತ್ತಾ ಹತ್ತಿ ಬಂದ.

"ನಮ್ಮನ್ನ ಸಾಯಿಸೋಕೇ ಕೂತಿದೀರಾ ಅಧ್ಯಕ್ಷರೇ? ಕೊಡಿ, ಎಲ್ಲಿ ಸಹಿ ಹಾಕ್ಬೇಕು?"

ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದು ಸಹಿ ಹಾಕಿದರು.

ಇವತ್ತು ನನ್ನನ್ನೇ ಮೊದಲು ಹತ್ತಿಸಲು ನೋಡಿದರು. ಬೇಡ, ಐದನೇ ಮಹಡಿಯ ಅಜ್ಜಿಯನ್ನು ಇಳಿಸಿ ಎಂದೆ. ಮೂರು ವರ್ಷದ ಮೇಲೆ ಅಂಗಳಕ್ಕೆ ಕಾಲಿಟ್ಟ ಅಜ್ಜಿ ಕೇಳಿದಳು: "ಮೀಟಿಂಗು ಮೇಲೆ ಇಡೋ ಉಪಾಯ ಯಾರದಪ್ಪಾ?"

"ನನ್ನ ಹೆಂಡತೀದು," ಎಂದೆ, ಇಡೀ ಬಿಲ್ಡಿಂಗಿಗೆ ಕೇಳುವಂತೆ. ನಿನ್ನ ಹೆಸರಿಗೆ ಎಂಥ ಚಪ್ಪಾಳೆ ಬಿತ್ತು ಗೊತ್ತೇ!

ಮೊಣಕಾಲು ಹಿಡಿದುಕೊಂಡು, "ಒಂದ್ಸಲ ಮೀಟಿಂಗು ಇಲ್ಲೇ ಇಡಿ, ನಾನೂ ಕೂತ್ಕೋತೀನಿ," ಎಂದು ನೀನು ಕೇಳಿದಾಗ ನಾನು ನಕ್ಕು ಕೆಳಗಿಳಿದು ಹೋಗಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ.