ಸಮುದ್ರದ ಕಲ್ಲು, ಸಂಪಾಜೆಯ ಬೆಕ್ಕು

ರೀ,

ನಿಮ್ಮ ಮೀನು ತಿಂದ ಕಳ್ಳ ಸಿಕ್ಕಿದ್ದಾನೆ. ನೀವು ಮಂಗಳೂರಿಂದ ತಂದು ಗಾಜಿನ ತೊಟ್ಟಿಗೆ ಹಾಕಿದ ಕಲ್ಲಿನ ತೂತಿಂದ ಇವತ್ತು ಬೆಳಿಗ್ಗೆ ಒಂದು ಏಡಿ ಹೊರಗೆ ಬಂತು. ಕೊನೇ ಮೀನು ಅದರ ಇಕ್ಕಳದಲ್ಲಿತ್ತು. "ಬರೀ ಕಲ್ಲು, ಅದರಲ್ಲೇನಿದೆ" ಅಂದಿರಲ್ಲ, ಅದೇ ಕಲ್ಲು.

ಗದ್ದೆಯಲ್ಲಿ ಏಡಿ ಹಿಡಿದು ಬೆಳೆದವರಿಗೆ ತೂತು ಕಂಡರೆ ಏಡಿ ನೆನಪಾಗಬೇಡವೇ? ನಿಮಗೆ ಕಂಡದ್ದು ನನ್ನ ಬೆಕ್ಕು! ದಾರಿ ತಿಳಿಯಬಾರದೆಂದು ಅದನ್ನು ಗೋಣಿಚೀಲದಲ್ಲಿ ಕಟ್ಟಿ ಸಂಪಾಜೆ ಹೊಳೆಯಾಚೆ ಬಿಟ್ಟು ಬಂದಿರಿ.

ಮಂಗಳೂರೂ ನಮ್ಮ ಘಟ್ಟದೂರೂ ಈಗ ಒಂದೇ ರಾಜ್ಯ ಆಯಿತೆಂದು ಸಮುದ್ರವನ್ನೇ ಮನೆಗೆ ತರಬೇಕಿತ್ತೇ?

ಅನ್ನ ಒಲೆ ಪಕ್ಕ ಇದೆ.

ಕಲ್ಲಿಂದ ಹುಳವೂ ಇಣುಕುತ್ತಿದೆ. ಜಿಗಣೆ ಅಂತ ನಿನ್ನೆಯ ಹಾಗೆ ಉಪ್ಪು ಸುರಿಯಬೇಡಿ. ಸಮುದ್ರದ ಉಪ್ಪುನೀರಲ್ಲೇ ಹುಟ್ಟಿದ ಹುಳಕ್ಕೆ ಉಪ್ಪೆಂದರೆ ಹಬ್ಬದೂಟ.

ಆ ಗೋಣಿಚೀಲ ಬಾಗಿಲ ಹಿಂದಿದೆ. ನಾನು ಬರುವಷ್ಟರಲ್ಲಿ ಕಲ್ಲು, ಏಡಿ, ಹುಳ ಎಲ್ಲಾ ಅದರೊಳಗಿರಲಿ.

ನಾನು ಸಂಪಾಜೆ ಬಸ್ಸಿಗೆ ಹೊರಟೆ. ಬೆಕ್ಕು ಸಿಗದಿದ್ದರೆ ನನ್ನನ್ನೂ ಕಾಯಬೇಡಿ. ಸಿಕ್ಕರೆ ಮಡಿಲಲ್ಲಿ ಕೂರಿಸಿಕೊಂಡು, ಕಿಟಕಿಯಿಂದ ದಾರಿಯೆಲ್ಲ ತೋರಿಸಿಕೊಂಡೇ ತರುತ್ತೇನೆ.

ಯಮುನ