ಮಲ್ಸುನಕ್ಕನ ಕೊನೆಯ ಮುಳುಗು

ಹಾದೊ, ಜೇಜು ದ್ವೀಪ
೨೮ ಮೇ ೧೯೯೭

ನನ್ನ ಮುದ್ದು ಸೊಲ್‌ಮಿ,

ಬೂಸಾನಿನಲ್ಲಿ ಹೊಟ್ಟೆತುಂಬ ಉಣ್ಣುತ್ತಿದ್ದೀಯಾ? ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನ ಹಳೆಯ ಕ್ಯಾಮೆರಾವೂ ಚೆನ್ನಾಗಿದೆ. ಕೆಟ್ಟದ್ದು ನನ್ನ ಮರ್ಯಾದೆ ಮಾತ್ರ.

ಮಲ್ಸುನಕ್ಕ ಚಿಪ್ಪು ಹೆಕ್ಕಲು ಕಡಲಿಗಿಳಿಯುವುದನ್ನು ಬಿಡುತ್ತಾಳೆಂದು ಫೋನಿನಲ್ಲಿ ಹೇಳಿದ್ದೆನಲ್ಲ. "ವಯಸ್ಸಾದ ತಾಯಿನ ದುಡಿಸ್ತಾನೆ ಅಂತ ಊರು ಆಡ್ಕೊಳ್ಳುತ್ತೆ" ಎಂದು ಅವಳ ಮಗನ ಹಟ. ನನಗೆ ಮುಳುಗಲು ಕಲಿಸಿದವಳು ಅವಳು. ಕೊನೆಯ ದಿನದ ಫೋಟೊ ನಾನೇ ತೆಗೆಯುತ್ತೇನೆಂದು ಹೇಳಿಬಿಟ್ಟೆ. ಅವಳು ನೀರಿಗಿಳಿದದ್ದು, ಸಿಳ್ಳೆಯಂತೆ ಉಸಿರು ಬಿಡುತ್ತ ಮೇಲೆ ಬಂದದ್ದು, ಬಲೆಚೀಲ ತಬ್ಬಿಕೊಂಡು ಅತ್ತದ್ದು, ಎಲ್ಲವನ್ನೂ ತೆಗೆದೆ. ಮೂವತ್ತಾರು ಫೋಟೊಗಳ ರೀಲು, ಎಣಿಕೆಯ ಮುಳ್ಳು ಮೂವತ್ತಾರು ದಾಟಿದರೂ ಮುಗಿಯಲಿಲ್ಲ. "ಈ ಕ್ಯಾಮೆರಾನೂ ನಮ್ಮನೆಯವರ ಹಾಗೇ, ಕೈ ಧಾರಾಳ" ಎಂದು ಎಲ್ಲರೆದುರು ಜಂಬ ಕೊಚ್ಚಿದೆ.

ಪೇಟೆಯ ಸ್ಟುಡಿಯೊದ ಯಾಂಗ್ ರೀಲು ತೊಳೆದು ಬೆಳಕಿಗೆ ಹಿಡಿದಳು. ಪೂರ್ತಿ ಖಾಲಿ!

"ಫಿಲ್ಮಿನ ತುದಿ ಆಚೆ ಸುರುಳಿಗೆ ಸಿಕ್ಕೇ ಇಲ್ಲಮ್ಮಾ. ನೀವು ಲಿವರ್ ಎಳೀತಾ ಇದ್ರಿ, ಅದು ಡಬ್ಬೀಲಿ ಮಲಗಿತ್ತು" ಎಂದಳು. ಪಾಪ, ಕೂರಿಸಿಕೊಂಡು ಕಲಿಸಿದಳು. ತುದಿಯನ್ನು ಸುರುಳಿಯ ಸೀಳಿಗೆ ಸಿಕ್ಕಿಸಬೇಕು. ಅಂಚಿನ ತೂತುಗಳು ಹಲ್ಲುಗಳ ಮೇಲೆ ಕೂತವೇ ಎಂದು ಮುಚ್ಚಳ ತೆರೆದಿರುವಾಗಲೇ ಒಮ್ಮೆ ಲಿವರ್ ಎಳೆದು ನೋಡಬೇಕು. ಮುಚ್ಚಿದ ಮೇಲೆ ಎಡಗಡೆಯ ಗುಂಡಿ ತಿರುಗಿಸಿ ಸಡಿಲ ತೆಗೆಯಬೇಕು. ಆಮೇಲೆ ಲಿವರ್ ಎಳೆದಾಗಲೆಲ್ಲ ಆ ಗುಂಡಿ ತಾನೂ ತಿರುಗಬೇಕು. ತಿರುಗದಿದ್ದರೆ ಫಿಲ್ಮು ಓಡುತ್ತಿಲ್ಲ ಎಂದೇ ಅರ್ಥ.

ಬಸ್ಸಿನಲ್ಲಿ ಅಳುತ್ತಲೇ ಬಂದೆ. ಮಲ್ಸುನಕ್ಕ ಅಂಗಳದಲ್ಲಿ ಮಂಕಾಗಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ವಿಷಯ ಹೇಳಿದೆ.

"ಒಂದೂ ಬಂದಿಲ್ವಾ?"

"ಒಂದೂ ಇಲ್ಲಕ್ಕ."

"ನನ್ನ ಅಳುಮೋರೆ?"

"ಅದೂ ಇಲ್ಲ."

ಅವಳ ಮುಖ ನೋಡಬೇಕಿತ್ತು ನೀನು! "ಹಾಗಾದ್ರೆ ಅದು ಕೊನೇ ದಿನ ಆಗೇ ಇಲ್ಲ ಕಣೇ! ಫೋಟೊ ಇಲ್ದೆ ಯಾರಾದ್ರೂ ಕಡಲು ಬಿಡ್ತಾರಾ?" ಎಂದು ಬೆಳ್ಳುಳ್ಳಿಯನ್ನು ಅಲ್ಲೇ ಬಿಟ್ಟು ರಬ್ಬರ್ ಬಟ್ಟೆ ಹುಡುಕಲು ಎದ್ದಳು.

ಮರುದಿನ ಮತ್ತೆ ಹೋದೆವು. ನಾನು ಲಿವರ್ ಎಳೆದಾಗಲೆಲ್ಲ ನಮ್ಮ ಜೊತೆ ಮುಳುಗುವ ಹೆಂಗಸರು ಕ್ಯಾಮೆರಾದ ಮೇಲೆ ಬಗ್ಗಿ "ತಿರುಗ್ತಾ?" ಎಂದು ಕೂಗುವುದು, "ತಿರುಗ್ತು!" ಎಂದು ಚಪ್ಪಾಳೆ ತಟ್ಟುವುದು. ಮಗ ದಡದಲ್ಲಿ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಅವನಮ್ಮ ಅಂಗೈಯಗಲದ ಚಿಪ್ಪನ್ನು ಎತ್ತಿ ಹಿಡಿದು ಕುಣಿದಾಗ ಅವನಿಗೂ ನಗು ತಡೆಯಲಾಗಲಿಲ್ಲ. ಆ ದಿನ ಯಾರೂ ಅಳಲಿಲ್ಲ.

ರಜೆಗೆ ಬಂದುಬಿಡು ಮಗಳೇ. ರೀಲು ಹಾಕುವುದನ್ನು ಈಗ ನಾನು ನಿನಗೆ ಕಲಿಸುತ್ತೇನೆ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ತಾ.ಕ.: ಎರಡನೆಯ ರೀಲಿನ ಫೋಟೊಗಳು ಬಂದು ವಾರವಾಯಿತು. ಬಹಳ ಚೆನ್ನಾಗಿವೆ, ಬೀರುವಿನಲ್ಲಿ ಬಟ್ಟೆಗಳ ಕೆಳಗಿವೆ. ಮಲ್ಸುನಕ್ಕ ದಿನಾ ಬೆಳಿಗ್ಗೆ "ಬಂತಾ?" ಎನ್ನುತ್ತಾಳೆ, ನಾನು "ಇನ್ನೂ ಇಲ್ಲ" ಎನ್ನುತ್ತೇನೆ. ಕೇಳುವಾಗಲೇ ಅವಳ ಹೆಗಲ ಮೇಲೆ ಬಲೆಚೀಲ ಇರುತ್ತದೆ. ನಿನ್ನೆ ಅವಳ ಮಗನೇ ಬಂದ. ತಡೆಯಲಾಗದೆ ಅವನಿಗೆ ನಿಜ ಹೇಳಿ ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿ, ಮತ್ತೆ ನನ್ನ ಕೈಗೇ ಕೊಟ್ಟ. "ಇವು ಇನ್ನೂ ಬಂದಿಲ್ಲ ಅಂತಲೇ ಇರಲಿ ಚಿಕ್ಕಮ್ಮಾ" ಎಂದ.